ಕ್ವಿಂಟಲ್ ಮಾಮಾ

ಪ್ರಶ್ನೆ: ನನಗೆ 36 ವರ್ಷ. ನಮ್ಮ ಮನೆಯವರು ಕಲಬುರಗಿಯ ಗಂಜ್‌ನಲ್ಲಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ. ವಯಸ್ಸು 41, ಎತ್ತರ ಐದು ಅಡಿ ಏಳು ಇಂಚು, ತೂಕ 102 ಕಿಲೋ. ಕಳೆದ ವರ್ಷ ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2 ಬಂತು. ಹೀಗೇ ಬಿಟ್ಟರೆ ಸಕ್ಕರೆ ಕಾಯಿಲೆ ಬರುತ್ತದೆ ಎಂದರು ವೈದ್ಯರು. ಒಳ್ಳೆಯ ಮಾತಿನಲ್ಲಿ ಹೇಳಿ ಸಾಕಾಗಿ ಅಣಕಿಸಲು ಶುರು ಮಾಡಿದೆ. ‘ಕ್ವಿಂಟಲ್’ ಎಂದು ಹೆಸರಿಟ್ಟವಳು ನಾನೇ. ಈಗ ತವರಿನ ಮಕ್ಕಳೆಲ್ಲ ‘ಕ್ವಿಂಟಲ್ ಮಾಮಾ’ ಎನ್ನುತ್ತಾರೆ. ಅವರು ಗಾದಿಯ ಮೇಲೆ ಕುಳಿತಲ್ಲೇ ತೂಕಡಿಸುವುದನ್ನು, ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳೆದುಕೊಳ್ಳುವುದನ್ನು ನಟಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಜನವರಿಯಲ್ಲಿ ತೊಗರಿ ಮಾರಲು ಬಂದ ನನ್ನ ಅಣ್ಣ ಹಮಾಲರ ಎದುರೇ ಅವರನ್ನು ಕಾಟಾದ ಮೇಲೆ ನಿಲ್ಲಿಸಿ, ‘ಎರಡು ಕಿಲೋ ಕಡಿತ ಮಾಡಿ ಒಂದು ಕ್ವಿಂಟಲ್ ಎಂದು ಬರೆದುಕೊಳ್ಳಿ’ ಎಂದನಂತೆ. ಸಂಜೆ ಅವನು ಅದನ್ನು ಹೇಳಿದಾಗ ನಾನೂ ನಕ್ಕೆ. ಅಂದಿನಿಂದ ನಮ್ಮ ಮನೆಯವರು ನಮ್ಮ ಜೊತೆ ಕುಳಿತು ಉಣ್ಣುವುದಿಲ್ಲ, ಮರು ತಪಾಸಣೆಗೂ ಹೋಗಿಲ್ಲ. ಸ್ಕೂಟರ್ ಡಿಕ್ಕಿಯಲ್ಲಿ ಎಣ್ಣೆ ಇಳಿದ ಭಜಿ ಕಾಗದಗಳು ಸಿಗುತ್ತವೆ. ಅತ್ತೆಯವರು ನನ್ನದೇ ತಪ್ಪು ಎನ್ನುತ್ತಾರೆ. ‘ನಾಚಿಕೆಯಾಗದೆ ಮನುಷ್ಯ ಬದಲಾಗುವುದಿಲ್ಲ, ನಾನು ಇಳಿಸಿದ್ದೂ ಹಾಗೆಯೇ’ ಎನ್ನುವುದು ಅಣ್ಣನ ವಾದ. ಒಂದು ಲಾಭವೆಂದರೆ, ಇದನ್ನೆಲ್ಲ ನೋಡಿ 11 ವರ್ಷದ ಮಗಳು ರಾತ್ರಿ ರೊಟ್ಟಿ ಬಿಟ್ಟಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡು ಇವರು ಹಾಳಾಗುವುದನ್ನು ನೋಡುತ್ತ ಕೂರಬೇಕೇ?
— ಹೆಸರು ಬೇಡ, ಕಲಬುರಗಿ

ಉತ್ತರ: ತಂಗಿ, ಮೊದಲು ಆ ಗೊರಕೆಯ ವಿಷಯ. ಉಸಿರು ನಿಲ್ಲುವುದು, ಗಕ್ಕನೆ ಎಳೆದುಕೊಳ್ಳುವುದು, ಹಗಲಲ್ಲಿ ಕುಳಿತಲ್ಲೇ ತೂಕಡಿಸುವುದು: ಇವಿಷ್ಟನ್ನು ಯಾವ ವೈದ್ಯರಿಗೆ ಹೇಳಿದರೂ ಅವರಿಗೆ ಸ್ಲೀಪ್ ಆಪ್ನಿಯಾದ ಅನುಮಾನ ಬರುತ್ತದೆ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ ಅದು. ರಕ್ತದೊತ್ತಡ ಏರುವುದಕ್ಕೂ ಸಕ್ಕರೆ ಹತೋಟಿ ತಪ್ಪುವುದಕ್ಕೂ ಅದರ ನಂಟಿದೆ. ಅದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆ ಇದೆ. ನಿಮ್ಮ ತವರಿನ ಪಡಸಾಲೆಯಲ್ಲಿ ಕುಳಿತವರೆಲ್ಲ ಆ ಲಕ್ಷಣಗಳನ್ನು ಒಂದೊಂದಾಗಿ ನೋಡಿ ನಕ್ಕಿದ್ದಾರೆ. ಅವು ಇನ್ನೂ ತಲುಪದೇ ಇರುವುದು ವೈದ್ಯರನ್ನು ಮಾತ್ರ. ಅಣಕಿಸುವುದರಿಂದ ಏನು ಕೆಡುತ್ತದೆ ಎಂಬುದಕ್ಕೆ ನಿಮ್ಮ ಮನೆಯಲ್ಲೇ ಇಷ್ಟು ದೊಡ್ಡ ಸಾಕ್ಷಿ ಇರುವಾಗ ನಾನು ಹೊರಗೆ ಹುಡುಕುವುದು ಬೇಡವಿತ್ತು. ಆದರೂ ಅಣ್ಣನಿಗೆ ಉತ್ತರ ಕೊಡಬೇಕಲ್ಲ.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ ಭಯ ಸುಳ್ಳಲ್ಲ. ನೀವು ಕೊಟ್ಟ ಅಳತೆಯ ಪ್ರಕಾರ ಅವರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 35ರ ಆಸುಪಾಸಿನಲ್ಲಿದೆ. ಭಾರತೀಯರಲ್ಲಿ 25 ದಾಟಿದರೇ ನಮ್ಮ ವೈದ್ಯರು ಬೊಜ್ಜು ಎನ್ನುತ್ತಾರೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದೇ ಅರ್ಥ. ‘ಮೈಕಟ್ಟೇ ಹಾಗೆ, ಉಣ್ಣಲಿ ಬಿಡು’ ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಅಣ್ಣ. ಬೈಸಿಕೊಂಡು ತೂಕ ಇಳಿಸಿದವರು ಇದ್ದಾರೆ, ಇಲ್ಲ ಎನ್ನಲಾರೆ. ಅವರು ಮದುವೆ ಮನೆಗಳಲ್ಲಿ ಆ ಕಥೆಯನ್ನು ಹೇಳುತ್ತಲೂ ಇರುತ್ತಾರೆ. ಬೈಸಿಕೊಂಡು ಮೂಲೆ ಸೇರಿದವರು ಮದುವೆ ಮನೆಗೇ ಬರುವುದಿಲ್ಲವಾದ್ದರಿಂದ ಅವರ ಕಥೆ ನಿಮಗೆ ಕೇಳಿಸಿಲ್ಲ. ಇಂಗ್ಲೆಂಡಿನಲ್ಲಿ 50 ದಾಟಿದ 2,944 ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕೆ ತಮ್ಮನ್ನು ಕೀಳಾಗಿ ಕಂಡರು ಎಂದವರ ತೂಕ ಸರಾಸರಿ 0.95 ಕಿಲೋ ಏರಿತ್ತು. ಅಂಥ ಅನುಭವ ಇಲ್ಲದವರದು 0.71 ಕಿಲೋ ಇಳಿದಿತ್ತು. ಯಾವುದರಿಂದ ಯಾವುದಾಯಿತು ಎಂದು ಇಂಥ ಅಧ್ಯಯನ ಗೆರೆ ಎಳೆದಂತೆ ಹೇಳಲಾರದು. ಆದರೆ ನಾಚಿಕೆಪಡಿಸಿದರೆ ಇಳಿಯುತ್ತಾರೆ ಎನ್ನುವವರಿಗೆ ಅದರಲ್ಲಿ ಒಂದು ಗುಲಗಂಜಿಯಷ್ಟೂ ಆಧಾರ ಸಿಗುವುದಿಲ್ಲ. ಹೀಯಾಳಿಸುವುದು ಚಿಕಿತ್ಸೆಯಲ್ಲ, ಅದರಿಂದ ಕೇಡೇ ಆಗುತ್ತದೆ ಎಂದು ಹಲವು ದೇಶಗಳ ತಜ್ಞರು 2020ರಲ್ಲಿ ಜಂಟಿ ಹೇಳಿಕೆಯನ್ನೇ ಕೊಟ್ಟಿದ್ದಾರೆ.

ನಾನೂ ಮೇಷ್ಟ್ರಾಗಿದ್ದವನು. ಒಬ್ಬ ದಪ್ಪ ಹುಡುಗನನ್ನು ಕಬಡ್ಡಿ ಅಂಗಳದಲ್ಲಿ, ‘ನೀನು ಸುಮ್ಮನೆ ಗೆರೆಯ ಮೇಲೆ ಮಲಗು, ಯಾರೂ ದಾಟಲಾರರು’ ಎಂದಿದ್ದೆ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಆ ವರ್ಷವೆಲ್ಲ ಆಟದ ಪೀರಿಯಡ್ಡು ಬಂದರೆ ಸಾಕು, ಅವನಿಗೆ ಹೊಟ್ಟೆನೋವು.

ನಿಮ್ಮ ಯಜಮಾನರದೂ ಅದೇ ಕಥೆ. ಮೊದಲು ಭಜಿಯನ್ನು ನಿಮ್ಮ ಎದುರಿಗೇ ತಿನ್ನುತ್ತಿದ್ದರು. ಎಷ್ಟು ತಿಂದರು ಎಂದಾದರೂ ಗೊತ್ತಾಗುತ್ತಿತ್ತು. ಈಗ ಸ್ಕೂಟರನ್ನು ಎಲ್ಲೋ ಓಣಿಯ ತಿರುವಿನಲ್ಲಿ ನಿಲ್ಲಿಸಿ, ಯಾರಾದರೂ ಗುರುತಿನವರು ಬಂದಾರು ಎಂದು ಅತ್ತಿತ್ತ ನೋಡುತ್ತ, ಬಿಸಿಬಿಸಿಯಾಗಿಯೇ ನಾಲ್ಕು ಮಿರ್ಚಿ ನುಂಗಿ, ಕಾಗದವನ್ನು ಮಡಚಿ ಡಿಕ್ಕಿಗೆ ತುರುಕುತ್ತಾರೆ. ರಸ್ತೆಗೆ ಎಸೆಯದೆ ಡಿಕ್ಕಿಯಲ್ಲಿಟ್ಟುಕೊಂಡು ಬರುವ ಈ ಮನುಷ್ಯನ ಬಗ್ಗೆ, ನಿಜ ಹೇಳಬೇಕೆಂದರೆ, ನನಗೆ ಪ್ರೀತಿಯೇ ಹುಟ್ಟಿತು. ಹಾಗೆ ಅವಸರದಲ್ಲಿ ನುಂಗಿದವರಿಗೆ ತೃಪ್ತಿಯೂ ಇರುವುದಿಲ್ಲ. ಮನೆಗೆ ಬಂದು ಒಬ್ಬರೇ ಮತ್ತೊಮ್ಮೆ ಉಣ್ಣುತ್ತಾರೆ. ಆಸ್ಪತ್ರೆಗೆ ಹೋಗದಿರುವುದಕ್ಕೂ ಇದೇ ಕಾರಣ ಇದ್ದೀತು. ಅಲ್ಲಿಯೂ ಬಾಗಿಲಲ್ಲೇ ಒಂದು ಕಾಟಾ ಇರುತ್ತದೆ.

ಬಾಯಿ ಮುಚ್ಚಿಕೊಂಡು ಕೂರಬೇಕೇ ಎಂದು ಕೇಳಿದ್ದೀರಿ. ಬೇಡ. ಮೊದಲು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯಿರಿ. ಯಾರೂ ಇಲ್ಲದಾಗ, ‘ಆ ಹೆಸರು ಇಟ್ಟವಳು ನಾನು. ಕಾಟಾದ ಸುದ್ದಿ ಕೇಳಿ ನಕ್ಕವಳೂ ನಾನೇ. ತಪ್ಪಾಯಿತು’ ಎನ್ನಿ. ಅಲ್ಲಿಗೇ ನಿಲ್ಲಿಸಿ. ‘ಆದರೆ ನಿಮ್ಮ ಒಳ್ಳೆಯದಕ್ಕೇ’ ಎಂಬ ಬಾಲ ಹಚ್ಚಿದರೆ ಹೇಳಿದ್ದೆಲ್ಲ ನೀರುಪಾಲು. ಅಣ್ಣನಿಗೂ ತವರಿನ ಮಕ್ಕಳಿಗೂ ಇನ್ನು ಆ ಹೆಸರು ಕೂಡದು ಎಂದು ನೀವೇ ಹೇಳಬೇಕು, ಅದೂ ನಿಮ್ಮ ಯಜಮಾನರಿಗೆ ಕೇಳಿಸುವಂತೆ. ಅಣ್ಣನಿಗೆ ಬೇಸರವಾಗುತ್ತದೆ, ಆಗಲಿ.

ಆಮೇಲೆ ತಪಾಸಣೆ. ತೂಕದ ಹೆಸರೆತ್ತದೆ, ‘ರಾತ್ರಿ ನಿಮ್ಮ ಉಸಿರು ನಿಲ್ಲುತ್ತದೆ, ನನಗೆ ಭಯವಾಗುತ್ತದೆ, ತೋರಿಸೋಣ’ ಎಂದು ಕೇಳಿ. ಜೊತೆಗೆ ಹೋಗುವುದಾದರೆ ವೈದ್ಯರ ಎದುರು ಗೊರಕೆಯ ವಿಷಯ ಹೇಳಿ ಸುಮ್ಮನಿರಿ. ಭಜಿಯ ಚಾಡಿ ಬೇಡ. ಥೈರಾಯ್ಡ್ ಪರೀಕ್ಷೆ ಬೇಕೇ, ಈಗ ನುಂಗುತ್ತಿರುವ ಯಾವುದಾದರೂ ಮಾತ್ರೆಯಿಂದ ತೂಕ ಏರುತ್ತಿದೆಯೇ ಎಂಬುದನ್ನೂ ಅವರನ್ನೇ ಕೇಳಿ.

ಎಷ್ಟು ಇಳಿಸಬೇಕು? ನಿಮ್ಮ ಅಣ್ಣನ ತಲೆಯಲ್ಲಿ 70 ಕಿಲೋ ಇರಬಹುದು. ಹೊಸ್ತಿಲಲ್ಲಿ ನಿಂತವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಗುರಿ ಇದ್ದದ್ದು ಶೇ 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಅಷ್ಟಕ್ಕೇ ಸಕ್ಕರೆ ಕಾಯಿಲೆಯ ಸಾಧ್ಯತೆ ಶೇ 58ರಷ್ಟು ತಗ್ಗಿತು. 102ರಲ್ಲಿ ಶೇ 7 ಎಂದರೆ ಏಳು ಕಿಲೋ. ನಮ್ಮವರದೇ ಲೆಕ್ಕ ಬೇಕೆಂದರೆ, ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅದರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಆದರೂ ಊಟ, ನಡಿಗೆ ಸುಧಾರಿಸಿಕೊಂಡವರಲ್ಲಿ ಕಾಯಿಲೆ ಬರುವುದು ಶೇ 28.5ರಷ್ಟು ಕಡಿಮೆಯಾಯಿತು. ಕಾಟಾ ಅಲುಗದಿದ್ದರೂ ಒಳಗೆ ಒಳ್ಳೆಯದಾಗುತ್ತಿರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನೀವು ಹೇಳಿ.

ಊಟದ ಬಗ್ಗೆ ಉದ್ದ ಪಟ್ಟಿ ಕೊಡುವುದಿಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ ಉಣ್ಣುವ ಮನೆಗೆ ಹೊರಗಿನ ಡಯಟ್ ಚಾರ್ಟ್ ಬೇಡ. ರೊಟ್ಟಿಯ ಎಣಿಕೆ ಸ್ವಲ್ಪ ತಗ್ಗಿ ಪಲ್ಯ, ಕಾಳು ಹೆಚ್ಚಲಿ, ಶೇಂಗಾ ಹಿಂಡಿಯ ಮೇಲೆ ಸುರಿಯುವ ಎಣ್ಣೆ ಇಳಿಯಲಿ. ಎಲ್ಲರಿಗೂ ಒಂದೇ ಅಡುಗೆ. ಅವರೊಬ್ಬರ ತಾಟಿನ ಮೇಲೆ ನಿಮ್ಮ ಕಣ್ಣು ನೆಟ್ಟಿತೋ, ಅವರು ಮತ್ತೆ ಓಣಿಯ ತಿರುವಿಗೇ ಹೋಗುತ್ತಾರೆ. ಗಂಜ್‌ನಲ್ಲಿ ಬಂದವರಿಗೆಲ್ಲ ಚಹಾ ತರಿಸುವ ರೂಢಿ. ದಿನಕ್ಕೆ ಎಂಟು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಹದಿನಾರು ಚಮಚವಾಯಿತು. ಲೆಕ್ಕ ಬರೆಯುವವರು, ಆ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ. ನಡಿಗೆಗೆ ಅಪ್ಪನ ಕೆರೆಯ ಕಡೆ ಎಳೆದೊಯ್ಯಬೇಡಿ, ಅಲ್ಲಿ ಸಂಜೆ ಅರ್ಧ ಊರು ಇರುತ್ತದೆ. ನಮ್ಮ ಬಿಸಿಲಿಗೆ ಬೆಳಗಿನ ಐದೂವರೆಯೇ ಸರಿ. ಕರೆಯಿರಿ, ಬಾರದಿದ್ದರೆ ನೀವು ಹೋಗಿ ಬನ್ನಿ.

ಕೊನೆಗೆ, ನೀವು ಲಾಭ ಎಂದು ಬರೆದ ಸಾಲು. 11 ವರ್ಷದ ಹುಡುಗಿಗೆ ಅದು ಬೆಳೆಯುವ ವಯಸ್ಸು. ಅಪ್ಪನನ್ನು ಕಂಡು ಎಲ್ಲರೂ ನಗುವ ಮನೆಯಲ್ಲಿ ಅವಳು ರಾತ್ರಿ ರೊಟ್ಟಿ ಬಿಟ್ಟಿದ್ದಾಳೆ. ಇಂದು ರಾತ್ರಿಯೇ ಪಕ್ಕದಲ್ಲಿ ಕುಳಿತು ಯಾಕೆಂದು ಕೇಳಿ. ಅವಳು ಏನು ಹೇಳಿದಳೆಂದು ನನಗೆ ಬರೆಯಿರಿ, ಅವರಪ್ಪನ ಬಗ್ಗೆ ಬರೆದದ್ದಕ್ಕಿಂತ ಉದ್ದವಾಗಿ.