ಹಳೇ ಆಕ್ಟೇವಿಯಾ ಆರ್‌ಎಸ್‌ಗೆ ಸ್ಪೇಸರ್: ದಪ್ಪದ ಲೆಕ್ಕ ಆಮೇಲೆ, ಮೊದ್ಲು ಬೋಲ್ಟಿನ ತಲೆ ನೋಡಿ

ಚಕ್ರ ಒಳಗೆ ಕೂತ ಹಾಗೆ ಕಾಣ್ತದೆ, ಸ್ಪೇಸರ್ (ಚಕ್ರಕ್ಕೂ ಅದನ್ನು ಬೋಲ್ಟಲ್ಲಿ ಬಿಗಿಯುವ ಹಬ್ಬಿಗೂ ನಡುವೆ ಇಟ್ಟು ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) 10 ಎಂಎಂ ಹಾಕ್ಲಾ 20 ಹಾಕ್ಲಾ, ಉಡುಪಿಯಲ್ಲಿ ಯಾರತ್ರ ಹಾಕಿಸೋದು ಅಂತ ಕೇಳಿದ್ರಿ. ನನ್ನತ್ರ ಇರೋದೂ ಅದೇ ಗಾಡಿ, ಮೊದಲ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ, 150 ಪಿಎಸ್. ನಾನು ಆಗ 10ರಾ 15ರಾ ಅಂತ ತಲೆ ಕೆಡಿಸ್ಕೊಂಡು ರಾತ್ರಿಯೆಲ್ಲ ಫೋಟೊ ನೋಡ್ತಾ ಕೂತದ್ದು, ಆದ್ರೆ ನನಗೆ ದುಡ್ಡು ಹೋದದ್ದು ದಪ್ಪದಿಂದ ಅಲ್ಲವೇ ಅಲ್ಲ.

ಹಿಂದಿನ ಚಕ್ರಕ್ಕೆ 15 ಎಂಎಂ ಸೆಟ್ಟು ಆನ್‌ಲೈನಲ್ಲಿ ತರಿಸಿದೆ, ಜೊತೆಗೆ ಉದ್ದ ಬೋಲ್ಟುಗಳೂ ಬಂದವು. 5 ಬೋಲ್ಟು 100 ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಸರಿ ಉಂಟು, ಸೆಂಟರ್ ಬೋರ್ (ಚಕ್ರದ ನಡುವಿನ ತೂತು) 57.1 ಸರಿ ಉಂಟು, ಬೋಲ್ಟು ಎಂ14 ಅಂದ್ರೆ 14 ಎಂಎಂ ದಪ್ಪ, 1.5 ಪಿಚ್ ಅಂದ್ರೆ ಒಂದು ಸುತ್ತಿಗೆ 1.5 ಎಂಎಂ ಒಳಗೆ ಹೋಗೋದು, ಅದೂ ಸರಿ. ಎಲ್ಲ ಸರಿ ಉಂಟಲ್ಲ ಅಂತ ಮಂಗಳೂರಲ್ಲೇ ಒಂದು ಟೈರ್ ಅಂಗಡಿಯಲ್ಲಿ ಹಾಕಿಸಿದೆ. ನೋಡ್ಲಿಕ್ಕೆ ಏನು ಚಂದ ಆಯ್ತು ಗೊತ್ತುಂಟಾ, ಹಿಂದಿನಿಂದ ನೋಡಿದ್ರೆ ಗಾಡಿ ನೆಲಕ್ಕೆ ಕಾಲೂರಿ ನಿಂತ ಹಾಗೆ.

ಸ್ವಲ್ಪ ದಿನ ಆದ್ಮೇಲೆ ಹೈವೇಯಲ್ಲಿ 80 ದಾಟಿದ ಕೂಡ್ಲೆ ಸೀಟಿನ ಅಡಿಯಿಂದ ಒಂದು ಸಣ್ಣ ನಡುಕ. ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗ್ಲಿಲ್ಲ, ಅಲೈನ್‌ಮೆಂಟ್ ಮಾಡಿಸಿದೆ, ಹೋಗ್ಲಿಲ್ಲ, ಎನ್‌ಎಚ್ 66ರ ರಸ್ತೆಯೇ ಹಾಗೆ ಅಂತ ಸಮಾಧಾನ ಮಾಡ್ಕೊಂಡೆ. ಆಮೇಲೊಂದು ದಿನ ಕುದುರೆಮುಖಕ್ಕೆ ಅಂತ ಹೊರಟಾಗ ಪಡುಬಿದ್ರಿಯಿಂದ ಕಾರ್ಕಳ ರಸ್ತೆಗೆ ತಿರುಗಿದ್ಮೇಲೆ ಪ್ರತಿ ತಿರುವಲ್ಲೂ ಹಿಂದಿನಿಂದ ಟಕ್ ಟಕ್ ಅಂತ ಶಬ್ದ. ಬಜಗೋಳಿ ಹತ್ರ ನಿಲ್ಲಿಸಿ ನೋಡ್ತೇನೆ, ಎಡಗಡೆ ಹಿಂದಿನ ಚಕ್ರದಲ್ಲಿ ಒಂದು ಬೋಲ್ಟೇ ಇಲ್ಲ, ಉಳಿದ ನಾಲ್ಕು ಬೆರಳಲ್ಲಿ ತಿರುಗ್ತಾ ಉಂಟು. ಮುಂದೆ ಮಾಳ ಘಾಟಿ. ಹತ್ತಿದ್ರೆ ಏನಾಗ್ತಿತ್ತು ಅಂತ ಈಗ್ಲೂ ಯೋಚನೆ ಬರ್ತದೆ.

ಆದದ್ದು ಎಂತ ಅಂದ್ರೆ, ಸ್ಕೋಡಾ, ಫೋಕ್ಸ್‌ವ್ಯಾಗನ್, ಆಡಿ ಇವ್ರ ಕಂಪನಿ ಚಕ್ರದಲ್ಲಿ ಬೋಲ್ಟು ಕೂರುವ ಜಾಗ ಉರುಟು. ಬಾಲ್ ಸೀಟ್ ಅಂತಾರೆ, 13 ಎಂಎಂ ರೇಡಿಯಸ್, ಆರ್13 ಅಂತ ಕೇಳ್ಬೇಕು. ಹೊರಗಡೆ ಸಿಗುವ ಅಲಾಯ್‌ಗಳದ್ದು ಹೆಚ್ಚಾಗಿ 60 ಡಿಗ್ರಿ ಕೋನ್. ಸ್ಪೇಸರ್ ಹಾಕುವವರು ಹೆಚ್ಚಿನವರು ಹೊರಗಿನ ಅಲಾಯ್ ಇದ್ದವರೇ, ಹಾಗಾಗಿ ಸೆಟ್ಟಿನ ಜೊತೆ ಬಂದದ್ದೂ ಕೋನ್ ಬೋಲ್ಟು. ನಂದು ಒರಿಜಿನಲ್ ಅಲಾಯ್. ಗುಳಿಯಪ್ಪದ ಕಾವಲಿಯ ಗುಳಿಯಲ್ಲಿ ಲಾಳಿಕೆ ಇಟ್ಟ ಹಾಗೆ, ಪೂರ್ತಿ ಮೈಗೆ ಮೈ ಕೂರೋದೇ ಇಲ್ಲ, ಒಂದು ತೆಳು ಉಂಗುರದಷ್ಟು ಜಾಗ ಮಾತ್ರ ತಾಗ್ತದೆ.

ಮೋಸ ಎಲ್ಲಿ ಅಂದ್ರೆ ಬಿಗಿ ಮಾಡುವಾಗ ಗೊತ್ತೇ ಆಗೋದಿಲ್ಲ. ಟಾರ್ಕ್ ರೆಂಚಿಗೆ (ಇಟ್ಟಷ್ಟು ಬಿಗಿ ಆದ ಕೂಡ್ಲೆ ಸದ್ದು ಮಾಡುವ ಸ್ಪ್ಯಾನರ್) 120 ನ್ಯೂಟನ್ ಮೀಟರ್ ಇಟ್ರೆ ಅದೂ ಟಿಕ್ ಅಂತದೆ. ಆದ್ರೆ ಚಕ್ರವನ್ನು ಹಿಡ್ಕೊಂಡಿರೋದು ಬೋಲ್ಟಿನ ಕಬ್ಬಿಣದ ಗಟ್ಟಿತನ ಅಲ್ಲ, ಬೋಲ್ಟು ಎಳೆದು ಹಿಡಿದಾಗ ಚಕ್ರಕ್ಕೂ ಹಬ್ಬಿಗೂ ನಡುವೆ ಹುಟ್ಟುವ ಘರ್ಷಣೆ. ಆ ಎಳೆತ ಎಲ್ಲ ಒಂದು ತೆಳು ಗೆರೆ ಮೇಲೆ ಬಿದ್ರೆ ಅಲ್ಯುಮಿನಿಯಂ ಅಲ್ಲೇ ಜಜ್ಜಿ ಹೋಗ್ತದೆ, ಕೂದಲೆಳೆಯಷ್ಟು ಜಜ್ಜಿದ್ರೂ ಎಳೆತ ಹೋಯ್ತು, ಎಳೆತ ಹೋದ್ರೆ ಚಕ್ರ ಹಬ್ಬಿನ ಮೇಲೆ ಜಾರ್ಲಿಕ್ಕೆ ಶುರು, ಜಾರಿದ ಹಾಗೆ ಬೋಲ್ಟು ತಾನೇ ಬಿಚ್ಕೊಳ್ತದೆ. ನನಗೆ ಬಂದ ನಡುಕ ಅದೇ. ಹಳೇ ಬೋಲ್ಟು, ಹೊಸ ಬೋಲ್ಟು ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಾಕಿತ್ತು, ಕಣ್ಣಿಗೆ ಹೊಡೆದ ಹಾಗೆ ಕಾಣ್ತದೆ. ನಾನು ಉದ್ದ ಮಾತ್ರ ಅಳೆದೆ.

ಚಕ್ರದ ತೂತೆಲ್ಲ ಮೊಟ್ಟೆ ಆಕಾರ ಆಗಿತ್ತು. ಈ ಗಾಡಿಯಲ್ಲಿ ಸ್ಟಡ್ (ಹಬ್ಬಿನಿಂದ ಹೊರಗೆ ನಿಂತ, ನಟ್ಟು ಹಾಕುವ ಕಡ್ಡಿ) ಇಲ್ಲ, ಬೋಲ್ಟು ತಿರುಗಿ ಕೂರುವ ಮರೆ (ಥ್ರೆಡ್) ಹಬ್ಬಿನಲ್ಲೇ ಇರೋದು, ಅದೂ ಹಾಳಾದ ಕಾರಣ ಹಬ್ಬು ಬದಲಿಸ್ಬೇಕಾಯ್ತು, ಹಿಂದಿನದ್ದು ಬೇರಿಂಗ್ ಸಮೇತ ಒಂದೇ ಪೀಸ್. ಹಬ್ಬು ಸಿಕ್ತು. ಅದೇ ಡಿಸೈನಿನ ಒಂದು ಚಕ್ರ ಹುಡುಕ್ಲಿಕ್ಕೆ ಪಟ್ಟ ಕಷ್ಟ ಬೇಡವೇ ಬೇಡ, ಹೊಸತು ಬರೋದಿಲ್ಲ, ಗುಜರಿಯಲ್ಲಿ ಸಿಕ್ಕಿದ್ದಕ್ಕೆ ಬಿರುಕು. ಹೋಂಡಾ ಸಿಟಿ ವಿಟೆಕ್ ಇಟ್ಕೊಂಡವರಿಗೂ ಇದೇ ಮಾತು, ಅದ್ರದ್ದೂ ಬಾಲ್ ಸೀಟೇ, ಆದ್ರೆ ಆರ್12, ಮತ್ತೆ ಬೋಲ್ಟಲ್ಲ ನಟ್ಟು. ಪೋರ್ಷೆಯದ್ದು ಆರ್14. ಬಾಲ್ ಅಂದ ಕೂಡ್ಲೆ ಎಲ್ಲ ಒಂದೇ ಅಂತ ತಗೊಳ್ಬೇಡಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ, ನೇರ ಹೇಳ್ತೇನೆ ಬೇಜಾರು ಮಾಡ್ಬೇಡಿ. ನೀವು ಹಾಕಿದ ಫೋಟೊದಲ್ಲಿ ಕಾಣೋದು ಟೈರಿನ ಮೇಲಿನ ಖಾಲಿ ಜಾಗ, ಅದು ಎತ್ತರದ ವಿಷಯ, ಸ್ಪೇಸರಿಂದ ಒಂದು ಎಂಎಂ ಕೂಡ ಕಮ್ಮಿ ಆಗೋದಿಲ್ಲ. ಘಾಟಿಯಲ್ಲಿ ಹಿಡಿತ ಸಿಗ್ತದೆ ಅಂತ ಬರ್ದಿದ್ದೀರಿ, ಇಷ್ಟು ಹಳೇ ಗಾಡಿಯಲ್ಲಿ ಹಿಡಿತ ಸಿಗೋದು ಹೊಸ ಕಂಟ್ರೋಲ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್, ಒಳ್ಳೆ ಟೈರು ಇದ್ರಿಂದ. ಆ ದುಡ್ಡು ಮೊದ್ಲು ಅಲ್ಲಿ ಹಾಕಿ. ಮುಂದಿನ ಚಕ್ರಕ್ಕಂತೂ ಬೇಡ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ-ಹೊರಗೆ ಕೂರ್ತದೆ ಅನ್ನೋದು) ಬದಲಾದ್ರೆ ಟರ್ಬೊ ಎಳೆಯುವಾಗ ಸ್ಟೇರಿಂಗ್ ಕೈಯಲ್ಲಿ ಒದೀತದೆ, ಮಳೆಗಾಲದ ಗುಂಡಿಗೆ ಬಿದ್ದಾಗ ಬೇರಿಂಗಿಗೆ ಹೊಡೆತ ಜಾಸ್ತಿ.

ಸ್ಪೇಸರೇ ಕೆಟ್ಟದ್ದು ಅಂತ ಮಾತ್ರ ನಾನು ಹೇಳೋದಿಲ್ಲ. ಪೋರ್ಷೆಯವ್ರೇ 911ಕ್ಕೆ 5 ಎಂಎಂದು ಫ್ಯಾಕ್ಟರಿ ಆಪ್ಷನ್ ಆಗಿ ಕೊಟ್ಟಿದ್ದಾರೆ, ಉದ್ದ ಬೋಲ್ಟಿನ ಜೊತೆಗೆ. ನಂದ್ರಲ್ಲೂ ಈಗ ಹಿಂದೆ 15 ಎಂಎಂ ಉಂಟು, ಆರ್13 ಬೋಲ್ಟಲ್ಲಿ. ಹಾಕ್ಲೇಬೇಕು ಅಂತಿದ್ರೆ ನೀವೂ ಹಿಂದೆ 15 ಹಾಕಿ, 10 ಬೇಡ, ಯಾಕಂದ್ರೆ 8-10 ಎಂಎಂ ದಪ್ಪದ ಸ್ಪೇಸರ್ ಹಬ್ಬಿನ ನಡುವಿನ ಉಬ್ಬನ್ನು (ಚಕ್ರವನ್ನು ಸರಿ ನಡುವಿಗೆ ಕೂರಿಸೋದು ಅದೇ) ಹೆಚ್ಚುಕಮ್ಮಿ ನುಂಗಿಬಿಡ್ತದೆ, ತನ್ನದೇ ಉಬ್ಬು ಮಾಡ್ಲಿಕ್ಕೆ ಅದ್ರಲ್ಲಿ ಜಾಗವೂ ಸಾಲೋದಿಲ್ಲ, ಮತ್ತೆ ಚಕ್ರವನ್ನು ನಡುವಿಗೆ ಹಿಡಿಯೋದು ಬೋಲ್ಟು ಮಾತ್ರ. ಬೋಲ್ಟಿನ ಉದ್ದ ಅಂದ್ರೆ ಹಳೇದ್ರ ಉದ್ದಕ್ಕೆ ಸ್ಪೇಸರ್ ದಪ್ಪ ಕೂಡಿಸಿ, 27 ಇದ್ರೆ 42. ಕೈಯಲ್ಲೇ ತಿರುಗಿಸುವಾಗ ಎಂಟೊಂಬತ್ತು ಸುತ್ತು ಹೋಗ್ಬೇಕು. ಅದಕ್ಕಿಂತ ತುಂಬ ಉದ್ದ ಆದ್ರೆ ಹಿಂದೆ ಹೊರಗೆ ಬಂದು ಎಲ್ಲಾದ್ರೂ ತಾಗ್ತದೆ.

ಯಾರತ್ರ ಹಾಕಿಸೋದು ಅಂದ್ರೆ, ಟಾರ್ಕ್ ರೆಂಚ್ ಇದ್ದು, ನೀವು ಪಕ್ಕದಲ್ಲಿ ನಿಂತ್ರೆ ಸಿಟ್ಟು ಮಾಡದವ್ರು ಯಾರಾದ್ರೂ ಆದೀತು. ಗಾಳಿಯ ಒತ್ತಡದಲ್ಲಿ ಬೋಲ್ಟು ತಿರುಗಿಸುವ ನ್ಯೂಮ್ಯಾಟಿಕ್ ಗನ್ನು ಮುಟ್ಲಿಕ್ಕೆ ಬಿಡ್ಬೇಡಿ. ಮಲ್ಪೆ, ಕಾಪು, ಸುರತ್ಕಲ್ ಕಡೆ ಉಪ್ಪುಗಾಳಿಗೆ ಹಬ್ಬಿನ ಮುಖದಲ್ಲಿ ತುಕ್ಕಿನ ಪದರ ಕಟ್ಟಿರ್ತದೆ, ಅದ್ರ ಮೇಲೆ ಸ್ಪೇಸರ್ ಇಟ್ರೆ ಓರೆ ಕೂತ್ಕೊಳ್ತದೆ, ವೈರ್ ಬ್ರಶ್ ಹಾಕಿ ಲೋಹ ಕಾಣುವ ತನಕ ಉಜ್ಜಿಸಿ. ಗ್ರೀಸು ನಡುವಿನ ಉಬ್ಬಿಗೆ ಮಾತ್ರ ಒಂದು ಚೂರು, ಇಲ್ಲದಿದ್ರೆ ಕಬ್ಬಿಣಕ್ಕೆ ಅಲ್ಯುಮಿನಿಯಂ ಹಿಡ್ಕೊಂಡು ಬಿಟ್ರೆ ಬರೋದೇ ಇಲ್ಲ. ಮರೆಗೆ ಎಣ್ಣೆ ಬೇಡ. 50-100 ಕಿಲೋಮೀಟರ್ ಓಡಿಸಿ ಟಾರ್ಕ್ ರೆಂಚಲ್ಲಿ ಬಿಗಿ ಮತ್ತೆ 120 ನ್ಯೂಟನ್ ಮೀಟರಿಗೆ ನೋಡಿ. ಇನ್ಶೂರೆನ್ಸಿನವ್ರತ್ರವೂ ಒಂದು ಮಾತು ಕೇಳಿಡಿ, ಕ್ಲೇಮ್ ಟೈಮಲ್ಲಿ ತಕರಾರು ಬೇಡ.

ಹಳೇ ಬೋಲ್ಟು ಬಿಸಾಡ್ಬೇಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆಗೇ ಇಡಿ. ದಾರಿಯಲ್ಲಿ ಸ್ಪೇಸರ್ ತೆಗೆದು ಸ್ಟೆಪ್ನಿ ಹಾಕ್ಬೇಕಾಗಿ ಬಂದ್ರೆ ಉದ್ದ ಬೋಲ್ಟು ನಡೆಯೋದಿಲ್ಲ, ಅದು ಅಗತ್ಯಕ್ಕಿಂತ ಒಳಗೆ ಹೋಗ್ತದೆ.