ತೂಕ ಇಳಿಸೋಕೆ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಹಾಯ ಸಿಗುತ್ತಾ?

ನಿಮ್ಮ ಅಮ್ಮನಿಗೆ 52 ವರ್ಷ, 78 ಕೆಜಿ, ಬಿಪಿ ಗುಳಿಗೆ ಊರಲ್ಲೇ ತಗೊಳ್ತಾರೆ. ತೂಕಕ್ಕೂ ಅಲ್ಲೇ ತೋರಿಸಬಹುದಾ, ಬೆಂಗಳೂರಿಗೆ ಕರೆಸಿಕೊಳ್ಳಬೇಕಾ ಅಂತ ಕೇಳಿದ್ದೀರಿ.

ನಾನು ಹಳ್ಳಿಯೊಂದರ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಅಲ್ಲೇ ತೋರಿಸಿ. ತೂಕಕ್ಕೆ ಅಂತ ನಮ್ಮಲ್ಲಿ ಬೇರೆ ಕೊಠಡಿ ಇಲ್ಲ, ನೀವೇ ಬಾಯಿಬಿಟ್ಟು ಕೇಳಬೇಕು. ಆದರೆ ಗುಳಿಗೆಗೆ ಅಂತ ಅಮ್ಮ ಹೇಗಿದ್ದರೂ ತಿಂಗಳಿಗೊಮ್ಮೆ ಬರುತ್ತಾರೆ, ಅಲ್ವಾ? ತೂಕ ಇಳಿಸುವವರಿಗೆ ಬೇಕಾಗಿರುವುದೇ ಅದು, ಪ್ರತಿ ತಿಂಗಳು ವಿಚಾರಿಸುವ ಒಬ್ಬರು.

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದ್ದೆ. ಸಾಲಲ್ಲಿ ನಿಂತವರ ಎದುರೇ ತೂಕವನ್ನು ಜೋರಾಗಿ ಹೇಳಿಬಿಡುತ್ತಿದ್ದೆ. ಮರುತಿಂಗಳು ಕೆಲವು ಹೆಂಗಸರು ತಾವು ಬರದೆ ಗುಳಿಗೆಗೆ ಮಗನನ್ನು ಕಳಿಸಿದರು. ಈಗಲೂ ನೆನೆದರೆ ಸಂಕಟ ಆಗುತ್ತದೆ. ಈಗ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ ನೋಡುತ್ತೇನೆ. ಸೊಂಟದ ಅಳತೆಯನ್ನೂ ತಗೊಳ್ಳುತ್ತೇನೆ. ಸೀರೆ ನೆರಿಗೆ, ಲಂಗದ ಲಾಡಿ ಮೇಲೆ ಟೇಪು ಹಿಡಿದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಅದನ್ನು ಸರಿಸಿ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ತರುವ ಫಾರಂನಲ್ಲೂ ಈ ಅಳತೆ ಇದೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದರೆ ಕಾಯಿಲೆ ಬರುವ ಅಪಾಯದ ಲೆಕ್ಕಕ್ಕೆ ಅಂಕ ಸೇರುತ್ತದೆ.

ಆಮೇಲೆ ಮಾತು. "ನಾನು ತಿನ್ನೋದೇ ಇಲ್ಲ ಸಿಸ್ಟರ್" ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ನಾನು ವಾದ ಮಾಡುವುದಿಲ್ಲ. "ತಿಂಗಳಿಗೆ ಎಣ್ಣೆ ಎಷ್ಟು ತರ್ತೀರಕ್ಕ?" ಅಂತ ಕೇಳುತ್ತೇನೆ. ನಾಲ್ಕು ಜನರ ಮನೆಗೆ ಐದು ಲೀಟರ್ ಕ್ಯಾನ್ ಅಂದರು ಒಬ್ಬರು. ಒಬ್ಬರಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು. ಅವರ ಮನೆಗೆ ಮೂರು ಲೀಟರ್ ಅಂತ ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಟೀಯದೂ ಹಾಗೇ. ದಿನಕ್ಕೆ ನಾಲ್ಕು ಲೋಟ, ಎರಡೆರಡು ಚಮಚ ಸಕ್ಕರೆ ಅಂದರೆ ತಿಂಗಳಿಗೆ ಕೆಜಿ ಮೇಲೆ. ಮುದ್ದೆ ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ. ಒಂದು ಮುದ್ದೆ, ಜೊತೆಗೆ ಸೊಪ್ಪು, ಕಾಳು ಜಾಸ್ತಿ. ಆ ಅಕ್ಕ ಆರು ತಿಂಗಳಲ್ಲಿ ಮೂರೂವರೆ ಕೆಜಿ ಇಳಿದರು.

ಇಷ್ಟು ಸಣ್ಣ ಮಾತಿಂದ ಏನಾಗುತ್ತೆ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ 1,882 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು, 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೇರೆ ಕಾಯಿಲೆಗೆ ಬಂದವರ ಹತ್ತಿರ ವೈದ್ಯರು ಅರ್ಧ ನಿಮಿಷ ತೂಕದ ಮಾತಾಡಿದರು. ಕೆಲವರಿಗೆ ತೂಕ ಇಳಿಸಿದರೆ ಒಳ್ಳೆಯದು ಅಂದರು ಅಷ್ಟೇ. ಅವರು ವರ್ಷದಲ್ಲಿ ಸರಾಸರಿ 1 ಕೆಜಿ ಇಳಿದರು. ಉಳಿದವರಿಗೆ ಉಚಿತ ತರಗತಿಗೆ ಸೇರಿಸುತ್ತೇವೆ ಅಂದರು. ಅವರು 2.4 ಕೆಜಿ ಇಳಿದರು. ಬೇಜಾರು ಮಾಡಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ.

ನಿಮ್ಮಮ್ಮ 4 ಕೆಜಿ ಇಳಿಸಿದರೂ ಬಿಪಿಗೆ ಒಳ್ಳೆಯದು. ಶುಗರ್ ಕೂಡ ಇದ್ದು ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಮಾತ್ರ ಒಮ್ಮೆಲೇ ಊಟ ಕಡಿಮೆ ಮಾಡಬಾರದು. ಶುಗರ್ ತೀರಾ ಇಳಿದು ಬೆವರು, ನಡುಕ ಬರಬಹುದು. ಮೊದಲು ಡಾಕ್ಟರನ್ನು ಕೇಳಿ. ಜೋರು ಗೊರಕೆ, ಹಗಲಲ್ಲೂ ತೂಕಡಿಕೆ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.

ಮುಂದಿನ ಸಲ ಗುಳಿಗೆಗೆ ಹೋಗುವ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ. "ಸಿಸ್ಟರ್, ಬಿಪಿ ಪಕ್ಕದಲ್ಲೇ ನನ್ನ ತೂಕನೂ ಬರ್ಕೊಡಿ" ಅಂತ ಕೇಳಲು ಹೇಳಿ.