ಪಂಪ್ ನಾಟುತ್ತಿಲ್ಲವೆಂದು ಮಾತ್ರೆಗೆ ಹೋಗುವ ಮೊದಲು

ಉಬ್ಬಸಕ್ಕೆ ಪಂಪ್ ಎಷ್ಟು ಎಳೆದರೂ ನಾಟುತ್ತಿಲ್ಲ, ಮಾತ್ರೆಗೆ ಬದಲಾಯಿಸಲೇ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು. ಇದೇ ಪ್ರಶ್ನೆಯನ್ನು ಹೊತ್ತು ಎರಡು ಅಡಿಕೆ ಕೊಯ್ಲು ಕಳೆದಿದ್ದೇನೆ.

ಮೊದಲು ನನ್ನ ಬಳಿಯಿದ್ದದ್ದು ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ಸಾಧನ. ಅದರಲ್ಲಿ ಪುಡಿಯನ್ನು ಮೇಲೆಬ್ಬಿಸುವುದು ನಮ್ಮ ಉಸಿರೇ ಆದ್ದರಿಂದ ಜೋರಾಗಿ ಎಳೆಯಬೇಕು. ಆಮೇಲೆ ಒತ್ತುವ ಪಂಪ್ ಬಂತು. ಅದನ್ನೂ ಹಾಗೆಯೇ ಜೋರಾಗಿ ಎಳೆದೆ. ತಪ್ಪು ಇಷ್ಟೇ, ಆದರೆ ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ಪಂಪಿನ ತುಂತುರು ಹೊರಡುವಾಗಲೇ ವೇಗವಾಗಿರುತ್ತದೆ. ನಾವೂ ರಭಸದಿಂದ ಎಳೆದರೆ ಆ ಹನಿಗಳು, ಆಗುಂಬೆ ಘಾಟಿಯ ತಿರುವಿನಲ್ಲಿ ವೇಗ ತಗ್ಗಿಸದ ಗಾಡಿಯಂತೆ, ಗಂಟಲಿನ ತಿರುವಿನಲ್ಲಿ ಹೊರಳಲಾರದೆ ಎದುರಿನ ಗೋಡೆಗೆ ಬಡಿದು ಅಂಟಿಕೊಳ್ಳುತ್ತವೆ. ಔಷಧ ಸೇರಬೇಕಾದುದು ಅದಕ್ಕಿಂತ ಬಹಳ ಕೆಳಗೆ. ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಬಾರಿ ಕವಲೊಡೆದು ಗಾಳಿಗೂಡುಗಳನ್ನು ಮುಟ್ಟುತ್ತದೆ. ಉಬ್ಬಸದಲ್ಲಿ ಬಿಗಿಯುವುದು ಈ ಕವಲುಗಳ ಸುತ್ತಲಿನ ಸ್ನಾಯು. ಕವಲಿನ ವ್ಯಾಸ ಅರ್ಧಕ್ಕಿಳಿದರೆ ಗಾಳಿಗೆ ಅಡ್ಡಿ ಎರಡು ಪಟ್ಟಲ್ಲ, 16 ಪಟ್ಟಾಗಬಹುದು. ಸಾಲದ್ದಕ್ಕೆ ನಾನು ಒತ್ತುತ್ತಿದ್ದುದು ಉಸಿರೆಳೆತದ ಕೊನೆಯಲ್ಲಿ. ಸಾಮಾನ್ಯ ಉಸಿರೊಂದರ 500 ಮಿ.ಲೀ. ಗಾಳಿಯಲ್ಲಿ ಕೊನೆಗೆ ಬಂದ ಸುಮಾರು 150 ಮಿ.ಲೀ. ಗಂಟಲು ಮತ್ತು ನಾಳಗಳಲ್ಲೇ ನಿಂತು, ಗೂಡುಗಳನ್ನು ಕಾಣದೆ ಹಿಂದಿರುಗುತ್ತದೆ.

ಡಿಸೆಂಬರಿನ ಒಂದು ರಾತ್ರಿ, ಅಡಿಕೆ ಬೇಯಿಸುವ ಹಂಡೆಯ ಹೊಗೆ ಅಂಗಳ ತುಂಬಿದ್ದಾಗ, ಮೆಟ್ಟುಗತ್ತಿಯಿಂದ ಮೇಲೇಳಲಾಗಲಿಲ್ಲ. ಒಂದರ ಹಿಂದೊಂದು ಎಂಟು ಸಲ ಒತ್ತಿದೆ. ಒಳಹೋದ ಉಸಿರು ಹೊರಗೆ ಬರಲೊಲ್ಲದು. ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದು ನೆಬ್ಯುಲೈಸರ್ (ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರ) ಕೊಡಿಸಿದರು. ವಾರದ ನಂತರ ಶಿವಮೊಗ್ಗದಲ್ಲಿ ವೈದ್ಯೆಯೊಬ್ಬರು, "ಎಲ್ಲಿ, ನನ್ನೆದುರು ಒಮ್ಮೆ ಎಳೆದು ತೋರಿಸಿ" ಎಂದರು. ಎಳೆದೆ. ತುಟಿಯಂಚಿನಿಂದ ಬಿಳಿಯ ಹೊಗೆ ಹೊರಬಂತು. "ಇಷ್ಟು ದಿನ ನಾಲಿಗೆಗೆ ಔಷಧ ಮಾಡಿಕೊಂಡಿದ್ದೀರಿ" ಎಂದು ಅವರು ನಗದೆಯೇ ಹೇಳಿದರು.

ಆದ್ದರಿಂದ ಮಾತ್ರೆಯೋ ಪಂಪೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಗಿದ ಸ್ನಾಯುವನ್ನು ಸಡಿಲಿಸುವ ಔಷಧ ಸಾಲ್ಬುಟಮಾಲ್. ಅದರ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. 4 ಮಿಲಿಗ್ರಾಂ ಮಾತ್ರೆ ಅದರ 40 ಪಟ್ಟು, ಅದೂ ರಕ್ತದ ಮೂಲಕ ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಗುಟ್ಟಿಸಿ ಕೊನೆಗೆ ಶ್ವಾಸಕೋಶಕ್ಕೆ ತಲುಪುವಂಥದ್ದು. ಮಾತ್ರೆಗೆ ಹಾಕುವ ಹಣದಲ್ಲಿ ಮೊದಲು ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ, ಕೊಳ್ಳಿರಿ. ತುಂತುರಿನ ವೇಗ ಅದರೊಳಗೇ ತಗ್ಗುತ್ತದೆ. ಪಂಪನ್ನು ನೇರವಾಗಿ ಬಾಯಿಗಿಟ್ಟು ಎಳೆಯುವುದಾದರೆ, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಎಳೆಯಲಾರಂಭಿಸಿದ ಕೂಡಲೇ ಒತ್ತಿ, ಎಳೆದು ಮುಗಿದ ಮೇಲೆ 10 ಸೆಕೆಂಡು ತಡೆಹಿಡಿಯಿರಿ. ಹನಿಗಳು ಕವಲುಗಳ ಗೋಡೆಗೆ ಇಳಿಯಲು ಆ ವ್ಯವಧಾನ ಬೇಕು. ಮುಂದಿನ ಭೇಟಿಗೆ ಪಂಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ವೈದ್ಯರೆದುರೇ ಎಳೆದು ತೋರಿಸಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಉಬ್ಬಸವಿದ್ದರೆ ಮಾತ್ರ ನನ್ನಂತೆ ಒತ್ತುತ್ತ ಕೂರದೆ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.